ಮನೆ, ರಸ್ತೆ ಮತ್ತು ಹೊಣೆ: ಕನ್ನಡ ಕಥನ ಹಾಗೂ ಚಲನಚಿತ್ರದಲ್ಲಿ ಸಮಕಾಲೀನ ಬೆಂಗಳೂರು

ಆಧುನಿಕ ಕನ್ನಡ ಕಥನದಲ್ಲಿ ನಗರವು ಬಹುಕಾಲ ಹಳ್ಳಿಗೆ ಎದುರಾದ ನೆಲೆಯಾಗಿಯೇ ಅರ್ಥ ಪಡೆದಿದೆ. ‘ಬಂಗಾರದ ಮನುಷ್ಯ’ (1972) ಚಿತ್ರವು ದುಡಿಮೆಯ ಘನತೆಯನ್ನು ಮಣ್ಣಿನಲ್ಲಿ ಅರಸಿತು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯ ಕಂಪನಿ ಜಗತ್ತಿನಲ್ಲಿ ಬೇಟೆಯ ಕ್ರೌರ್ಯವನ್ನು ಗುರುತಿಸಿತು. 1991ರ ಆರ್ಥಿಕ ಉದಾರೀಕರಣದ ತರುವಾಯ ಬೆಳೆದ ಬೆಂಗಳೂರಿನ ಅನೇಕ ಪಾತ್ರಗಳಿಗೆ ಮರಳಿ ಹೋಗಲು ಹಳ್ಳಿಯೇ ಇಲ್ಲ. ಆದ್ದರಿಂದ ನಗರವನ್ನು ನಗರದೊಳಗಿನಿಂದಲೇ ಅಳೆಯುವ ಹೊಸ ಮಾನದಂಡವೊಂದು ಅಗತ್ಯವಾಯಿತು. ವಿವೇಕ ಶಾನಭಾಗರ ಕಿರುಕಾದಂಬರಿ ‘ಘಾಚರ್ ಘೋಚರ್’ (2013) ಹಾಗೂ ಪವನ್ ಕುಮಾರ್ ನಿರ್ದೇಶನದ ‘ಯೂ ಟರ್ನ್’ (2016) ಚಿತ್ರಗಳು ಈ ಮಾನದಂಡವನ್ನು ಹೊಣೆಗಾರಿಕೆಯ ಪ್ರಶ್ನೆಯಲ್ಲಿ ಕಂಡುಕೊಂಡಿವೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

1. ಮನೆಯೆಂಬ ನಗರ

‘ಘಾಚರ್ ಘೋಚರ್’ನಲ್ಲಿ ಬೆಂಗಳೂರಿನ ಹೆಗ್ಗುರುತುಗಳ ವರ್ಣನೆ ವಿರಳ. ಒಂದು ಕಾಫಿ ಹೌಸ್, ಇರುವೆಗಳು ಮುತ್ತುತ್ತಿದ್ದ ಹಳೆಯ ಸಣ್ಣ ಮನೆ, ಹೊಸದಾದ ದೊಡ್ಡ ಮನೆ ಇವಿಷ್ಟೇ ಅದರ ಭೂಪಟ. ಚಹಾ ಕಂಪನಿಯ ಮಾರಾಟಗಾರನಾಗಿದ್ದ ತಂದೆಯ ಸಂಬಳದಲ್ಲಿ ಬದುಕುತ್ತಿದ್ದ ಕುಟುಂಬವು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಹಠಾತ್ತನೆ ಸಿರಿವಂತವಾಗುತ್ತದೆ. ನಿರೂಪಕನಿಗೆ ಕಂಪನಿಯಲ್ಲಿ ಹುದ್ದೆಯಿದೆ, ಕೆಲಸವಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಮಂದಿ ಬೈದು ಅಟ್ಟುವಾಗ ಅವನು ಸುಮ್ಮನಿರುತ್ತಾನೆ. ಪ್ರಶ್ನಿಸುವವಳು ಹೆಂಡತಿ ಅನಿತಾ ಒಬ್ಬಳೇ. ನಿರೂಪಕನ ‘ನಾವು’ ಎಂಬ ಸರ್ವನಾಮವು ಪ್ರೀತಿಯ ಮಾತಾಗಿ ತೋರಿದರೂ ಅಪರಾಧವನ್ನು ಎಲ್ಲರಿಗೂ ಹಂಚಿ ಯಾರದೂ ಅಲ್ಲದಂತೆ ಮಾಡುವ ಸಾಧನವಾಗಿದೆ. ಯಾವ ನಿಘಂಟಿನಲ್ಲಿಯೂ ಇಲ್ಲದ ಶೀರ್ಷಿಕೆಯ ಪದ ಅನಿತಾಳ ತವರಿನದು. ಬಿಡಿಸಲಾಗದ ಗೋಜಲು ಎಂಬುದು ಅದರ ಅರ್ಥ. ಹೊರಗಿನಿಂದ ಬಂದವಳ ಪದವೇ ಈ ಮನೆಯ ಸ್ಥಿತಿಗೆ ಹೆಸರಾಗುವುದು ಗಮನಾರ್ಹ.

2. ರಸ್ತೆಯೆಂಬ ನಗರ

‘ಯೂ ಟರ್ನ್’ ಚಿತ್ರದ ಕೇಂದ್ರವು ಡಬಲ್ ರೋಡ್ ಮೇಲ್ಸೇತುವೆ. ಅಲ್ಲಿನ ವಿಭಜಕದ ಕಲ್ಲುಗಳನ್ನು ಪಕ್ಕಕ್ಕೆ ಸರಿಸಿ ಅಡ್ಡದಾರಿಯಲ್ಲಿ ತಿರುಗುವ ಸವಾರರ ವಾಹನಸಂಖ್ಯೆಗಳನ್ನು ಪತ್ರಿಕೆಯೊಂದರ ತರಬೇತಿ ವರದಿಗಾರ್ತಿ ರಚನಾ ಸಂಗ್ರಹಿಸುತ್ತಾಳೆ. ಅವುಗಳನ್ನು ಬರೆದುಕೊಡುವವನು ಸೇತುವೆಯ ಮೇಲಿರುವ ನಿರ್ವಸಿತ. ನಗರ ನೋಡದ ಮನುಷ್ಯನೇ ನಗರವನ್ನು ನೋಡುತ್ತಿರುತ್ತಾನೆ. ಸವಾರನಿಗೆ ಉಳಿಯುವುದು ಕೆಲವು ನಿಮಿಷ. ಸ್ಥಾನಪಲ್ಲಟಗೊಂಡ ಕಲ್ಲಿಗೆ ಬಲಿಯಾಗುವವರು ಅವನಿಗೆ ಅಪರಿಚಿತರು. ಕಲ್ಲು ಸರಿಸಿದವನೇ ಮೃತಳ ಪತಿಯೆಂಬ ಅಂತಿಮ ಅನಾವರಣದಲ್ಲಿ ಆ ‘ಅಪರಿಚಿತ’ರು ಅವನ ಮನೆಯವರೇ ಆಗಿಬಿಡುತ್ತಾರೆ.

3. ಮಾಧ್ಯಮಭೇದ

ಎರಡೂ ಕೃತಿಗಳಲ್ಲಿ ಒಬ್ಬರ ಅನುಕೂಲದ ಬೆಲೆಯನ್ನು ಮತ್ತೊಬ್ಬರು ತೆರುತ್ತಾರೆ. ಆದರೆ ಅದನ್ನು ಕಾಣಿಸುವ ಬಗೆ ಬೇರೆ. ಗದ್ಯಕ್ಕೆ ಮರೆಮಾಚುವ ಸ್ವಾತಂತ್ರ್ಯವಿದೆ: ನಿರೂಪಕ ಹೇಳದೆ ಬಿಟ್ಟದ್ದನ್ನು ಓದುಗ ಊಹಿಸಬೇಕು. ಕ್ಯಾಮೆರಾ ಕಲ್ಲನ್ನು ತೋರಿಸಲೇಬೇಕು. ಅದು ಮುಂದೂಡಬಲ್ಲದ್ದು ಸರಿಸಿದ ಕೈ ಯಾರದೆಂಬುದನ್ನು ಮಾತ್ರ. ಇಲ್ಲಿಯೇ ಚಿತ್ರದ ಮಿತಿಯೂ ಇದೆ. ಶಿಕ್ಷೆಯನ್ನು ಮೃತಳ ಪ್ರೇತಕ್ಕೆ ವಹಿಸಿದೊಡನೆ ರಸ್ತೆಯ ವಿನ್ಯಾಸ, ಆಡಳಿತದ ನಿರ್ಲಕ್ಷ್ಯ ಮುಂತಾದ ಸಾರ್ವಜನಿಕ ಪ್ರಶ್ನೆಗಳು ಖಾಸಗಿ ಪಾಪಪ್ರಜ್ಞೆಯಾಗಿ ಕುಗ್ಗುತ್ತವೆ. ಕಿರುಕಾದಂಬರಿಯಲ್ಲಿ ಶಿಕ್ಷಿಸುವವರಿಲ್ಲ. ಊರಿಗೆ ಹೋದ ಅನಿತಾ ಮರಳುವಳೇ ಎಂಬುದಕ್ಕೆ ಉತ್ತರವೂ ಇಲ್ಲ. ಅದರ ನೈತಿಕ ಒತ್ತಡ ಓದುಗನ ಮೇಲೆಯೇ ಉಳಿಯುತ್ತದೆ.

ಸಮಾರೋಪ

ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರ ಕಾಣೆಯಾದವರ ಪ್ರಕಟಣೆಯ ಸಿದ್ಧ ನುಡಿಗಟ್ಟನ್ನೇ ಶೀರ್ಷಿಕೆಯಾಗಿಸಿಕೊಂಡಿದೆ. ಆ ವಿವರಣೆ ಎಲ್ಲರಿಗೂ ಹೊಂದುವುದರಿಂದಲೇ ಯಾರನ್ನೂ ಗುರುತಿಸಲಾರದು. ಮರೆವಿನ ಕಾಯಿಲೆಯ ತಂದೆಯನ್ನು ಹುಡುಕುವ ಮಗನಿಗೆ ತಂದೆಯ ಪರಿಚಯ ತನಗೆಷ್ಟಿತ್ತೆಂಬ ಪ್ರಶ್ನೆ ಎದುರಾಗುತ್ತದೆ. ಈ ಮೂರು ಕೃತಿಗಳ ಹಿನ್ನೆಲೆಯಲ್ಲಿ ನಗರಸಾಹಿತ್ಯದ ಅಧ್ಯಯನವು ಬೀದಿ, ಬಡಾವಣೆಗಳ ಉಲ್ಲೇಖಗಳನ್ನು ಪಟ್ಟಿಮಾಡುವುದಕ್ಕೆ ನಿಲ್ಲಲಾಗದು. ಯಾರ ಸುಖಕ್ಕೆ ಯಾರು ಮರೆಯಾದರು, ಆ ಮರೆಯನ್ನು ಯಾವ ನಿರೂಪಣಾತಂತ್ರ ಕಾಪಾಡಿತು ಎಂಬುದನ್ನು ಕೇಳಿದಾಗಲೇ ಸಮಕಾಲೀನ ಬೆಂಗಳೂರು ಪಠ್ಯದೊಳಗೆ ಕಾಣತೊಡಗುತ್ತದೆ.