ಅಂಗಳದ ಹಂದರ, ಮದುವಣಗಿತ್ತಿಯ ನೆನಪು



ಬೈರಿದೇವರಕೊಪ್ಪದಲ್ಲಿ ನಮಗೆ ಪರಿಚಯದ ಒಂದು ಮನೆಯಿದೆ. ಆ ಮನೆಯ ಮೊಮ್ಮಗಳ ಮದುವೆ ನಿಶ್ಚಯವಾಗಿದೆ. ಒಂದು ಸಂಜೆ ಮನೆಯವರೆಲ್ಲ ಕೂಡಿ ಖರ್ಚಿನ ಲೆಕ್ಕ ಹಾಕುತ್ತಿದ್ದರು. ಕಲ್ಯಾಣಮಂಟಪದ ಬಾಡಿಗೆ, ಅಡುಗೆಯವರು, ಹೂವಿನ ಅಲಂಕಾರ, ಫೋಟೊ, ವಿಡಿಯೊ ಎಂದು ಪಟ್ಟಿ ಬೆಳೆಯುತ್ತಲೇ ಇತ್ತು. ಕೊನೆಗೆ ಇರುವ ಒಂದು ತುಂಡು ಹೊಲವನ್ನು ಮಾರುವ ಮಾತೂ ಬಂತು. ಮೂಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಆಗ ತಲೆ ಎತ್ತಿದರು.

“ನನ್ನ ಲಗ್ನದ ಊಟ ಆಗಿದ್ದು ಇದ ಅಂಗಳದಾಗ. ಮುಂಜಾನೆ ಹುಬ್ಬಳ್ಳಿ ಚರ್ಚಿನ್ಯಾಗ ಲಗ್ನ, ಮಧ್ಯಾಹ್ನ ಇಲ್ಲೆ ಹಂದರದ ಕೆಳಗ ಊಟ. ಓಣಿ ಮಂದಿ ಗಳಾ ತಂದು ಹಂದರ ಹಾಕಿದ್ರು. ಹಂಡೆ, ಕೊಪ್ಪರಿಗಿ ಎಲ್ಲಾ ಬಾಜೂ ಮನೀವು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ಹಿಂದಿನ ರಾತ್ರಿ ನನಗ ಎಚ್ಚರಾತು. ನೋಡಿದ್ರ ಅಪ್ಪ ಹಿತ್ತಲದಾಗ ಒಬ್ಬನ ಕುಂತಾನ. ಯಾಕಪಾ ಅಂದೆ. ‘ಏನಿಲ್ಲವಾ, ಒಳಗ ಸೆಕಿ’ ಅಂದ. ಅದು ಸೆಕಿ ಅಲ್ಲ, ಸಾಲದ ಚಿಂತಿ ಅಂತ ನನಗ ತಿಳೀಲಿಕ್ಕೆ ಎಷ್ಟೋ ವರ್ಷ ಬೇಕಾತು.”

ಇನ್ನೊಂದು ವಿಷಯವನ್ನೂ ಅವರು ಹೇಳಿದರು. ಅಂದು ಎರಡನೆಯ ಪಂಕ್ತಿಗೇ ಗೋಧಿ ಹುಗ್ಗಿ ಮುಗಿಯುತ್ತಾ ಬಂದಿತ್ತಂತೆ. ಅದನ್ನು ಕಂಡ ನೆರೆಮನೆಯ ಅಕ್ಕ ಯಾರಿಗೂ ಹೇಳದೆ ತನ್ನ ಮನೆಯಲ್ಲಿ ಒಂದು ಕೊಪ್ಪರಿಗೆ ಹುಗ್ಗಿ ಬೇಯಿಸಿ ಹಿತ್ತಲ ಬಾಗಿಲಿನಿಂದ ತಂದಿಟ್ಟಳಂತೆ. ಹಂದರದಲ್ಲಿ ಕುಳಿತಿದ್ದ ಮದುಮಗಳಿಗೆ ಇದು ಆಗ ಗೊತ್ತೇ ಆಗಲಿಲ್ಲ.

ಈ ಮಾತುಗಳನ್ನು ಕೇಳಿದಾಗ ಪವಿತ್ರ ಗ್ರಂಥದ ಎರಡು ಮದುವೆಗಳು ನೆನಪಾದವು. ಎರಡೂ ಯೆಹೂದ್ಯರ ಮದುವೆಗಳು. ಎರಡೂ ಮನೆಯಲ್ಲಿಯೇ ನಡೆದವು. ಇಂದು ಅವುಗಳ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ.

ನಾಲ್ಕು ಕೋಲು, ಒಂದು ಬಟ್ಟೆ

ಯೆಹೂದ್ಯರ ಮದುವೆಗೆ ಇಂಥದೇ ಕಟ್ಟಡ ಬೇಕೆಂಬ ನಿಯಮವಿಲ್ಲ. ಅವರ ಪ್ರಾರ್ಥನಾಲಯವಾದ ಸಿನಗಾಗ್‌ನಲ್ಲಿ ನಡೆಯಬಹುದು, ಮನೆಯ ಅಂಗಳದಲ್ಲಿಯೂ ನಡೆಯಬಹುದು. ಬೇಕಾದದ್ದು ಒಂದು ಹಂದರ. ಅದಕ್ಕೆ ‘ಹುಪ್ಪಾ’ ಎಂದು ಹೆಸರು. ನಾಲ್ಕು ಕೋಲುಗಳ ಮೇಲೆ ಒಂದು ಬಟ್ಟೆ ಕಟ್ಟಿದರೆ ಹುಪ್ಪಾ ಸಿದ್ಧ. ಅದು ಹೊಸ ದಂಪತಿಗಳ ಮನೆಯ ಗುರುತು. ಅನೇಕ ಯೆಹೂದ್ಯರು ಅದನ್ನು ಬಯಲಿನಲ್ಲಿ, ಆಕಾಶದ ಕೆಳಗೆ ಹಾಕುತ್ತಾರೆ. ಅಬ್ರಹಾಮನ ಸಂತತಿ ನಕ್ಷತ್ರಗಳಂತೆ ಹೆಚ್ಚುವುದೆಂಬ ದೇವರ ವಾಗ್ದಾನದ ನೆನಪು ಅದರಲ್ಲಿದೆ.

ಹಂದರದ ಕೆಳಗೆ ವರನು ವಧುವಿನ ಬೆರಳಿಗೆ ಹರಳಿಲ್ಲದ ಸರಳ ಉಂಗುರ ತೊಡಿಸುತ್ತಾನೆ. ಅನಂತರ ‘ಕೆತುಬಾ’ ಎಂಬ ಮದುವೆಯ ಕರಾರುಪತ್ರವನ್ನು ಎಲ್ಲರೂ ಕೇಳುವಂತೆ ಓದುತ್ತಾರೆ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇರುತ್ತದೆ. ಗಂಡನು ಹೆಂಡತಿಗೆ ಅನ್ನ, ಬಟ್ಟೆ, ಗೌರವ ಕೊಡಬೇಕು. ಅವನು ಅವಳನ್ನು ಬಿಟ್ಟರೆ ಅಥವಾ ತೀರಿಕೊಂಡರೆ ಅವಳಿಗೆ ಇಷ್ಟು ಹಣ ಸಲ್ಲಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಕನ್ಯೆಗೆ 200 ಜೂಜ್, ವಿಧವೆಗೆ 100 ಜೂಜ್ ಎಂಬುದು ಅವರ ಪ್ರಾಚೀನ ಶಾಸ್ತ್ರ ಗೊತ್ತುಮಾಡಿದ ಕನಿಷ್ಠ ಮೊತ್ತ. ಆ ಪತ್ರ ವಧುವಿನ ಸ್ವತ್ತು. ಇಲ್ಲಿ ಹೊಣೆಯ ಹಣವನ್ನು ಬರೆದುಕೊಡುವವನು ಗಂಡು ಎಂಬುದನ್ನು ಗಮನಿಸಿ. 1961ರಲ್ಲಿಯೇ ವರದಕ್ಷಿಣೆ ನಿಷೇಧ ಕಾನೂನು ಬಂದಿದ್ದರೂ ಹೆಣ್ಣು ಹೆತ್ತವರಿಂದ ಹಣ ಕೇಳುವ ರೂಢಿ ಬಿಡದ ನಮಗೆ ಇದೊಂದು ಕನ್ನಡಿ.

ಬಳಿಕ ದ್ರಾಕ್ಷಾರಸದ ಪಾತ್ರೆಯ ಮೇಲೆ ಏಳು ಆಶೀರ್ವಾದಗಳನ್ನು ಹೇಳುತ್ತಾರೆ. ಕೊನೆಯಲ್ಲಿ ವರನು ಒಂದು ಗಾಜಿನ ಲೋಟವನ್ನು ಕಾಲಿನಿಂದ ತುಳಿದು ಒಡೆಯುತ್ತಾನೆ. ಕ್ರಿ.ಶ. 70ರಲ್ಲಿ ರೋಮನರು ನಾಶ ಮಾಡಿದ ಜೆರುಸಲೇಮಿನ ಮಹಾದೇವಾಲಯವನ್ನು ಸಂತೋಷದ ದಿನದಲ್ಲಿಯೂ ಮರೆಯಬಾರದು ಎಂಬುದು ಅದರ ಅರ್ಥ.

ಇದೆಲ್ಲ ದೂರದೇಶದ ಮಾತೆಂದು ತಿಳಿಯಬೇಡಿ. 1956ರವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿತ್ತು. ಅದೇ ಮುಂಬಯಿ ಮತ್ತು ಕೊಂಕಣ ತೀರದಲ್ಲಿ ಮರಾಠಿ ಮಾತನಾಡುವ ‘ಬೆನೆ ಇಸ್ರೇಲ್’ ಯೆಹೂದ್ಯರು ತಲೆತಲಾಂತರದಿಂದ ಬಾಳಿದ್ದಾರೆ. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಬಹುಪಾಲು ಜನ ಅಲ್ಲಿಗೆ ಹೋದರು. ಅವರಲ್ಲಿ ಮದುವೆಗೆ ಮುಂಚೆ ಮನೆಯಲ್ಲಿ ಮೆಹಂದಿ ಹಚ್ಚುವ ಸಂಭ್ರಮವಿದೆ. ‘ಮಲಿದಾ’ ಎಂಬ ಪ್ರಾರ್ಥನೆಯೂ ಉಂಟು. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ ಬೆರೆಸಿ, ಹಣ್ಣುಗಳನ್ನಿಟ್ಟು, ಪ್ರವಾದಿ ಎಲೀಯನನ್ನು ನೆನೆದು ದೇವರಿಗೆ ವಂದನೆ ಸಲ್ಲಿಸುತ್ತಾರೆ. ಅವಲಕ್ಕಿಯ ತಟ್ಟೆ ನಮ್ಮ ಮನೆಗಳಿಗೆ ಹೊಸದೇನಲ್ಲ! ಹಾಗೆಯೇ 2022ರ ಮೇ ತಿಂಗಳಲ್ಲಿ ಕೊಚ್ಚಿಯ ಬಳಿಯ ಕುಂಬಳಂನಲ್ಲಿ ಬಹು ವರ್ಷಗಳ ಬಳಿಕ ಒಂದು ಯೆಹೂದ್ಯ ಮದುವೆ ನಡೆಯಿತು. ಸಿನಗಾಗ್‌ನೊಳಗೆ ಹೆಚ್ಚು ಜನ ಸೇರುವಂತಿರಲಿಲ್ಲ. ಆದ್ದರಿಂದ ಅದನ್ನು ಬೇರೆಡೆ ಹುಪ್ಪಾ ಹಾಕಿ ನಡೆಸಿದರು.

ಸಾರಳ ಮದುವೆ

ಈಗ ತೋಬಿತನ ಗ್ರಂಥವನ್ನು ತೆರೆಯಿರಿ. ಎಕ್ಬತಾನ ಎಂಬ ಊರಿನಲ್ಲಿ ರಗುವೇಲ ಮತ್ತು ಎದ್ನಾ ಎಂಬ ದಂಪತಿಗಳಿಗೆ ಸಾರಾ ಒಬ್ಬಳೇ ಮಗಳು. ಅವಳಿಗೆ ಏಳು ಸಲ ಮದುವೆಯಾಗಿತ್ತು; ಏಳು ಜನ ವರರೂ ಮದುವೆಯ ರಾತ್ರಿಯೇ ಸತ್ತಿದ್ದರು. ಮನೆಯ ದಾಸಿಯೂ ಅವಳನ್ನು ಹಂಗಿಸುತ್ತಿದ್ದಳು. ಪ್ರಾಣ ಬಿಡಬೇಕೆಂದು ಯೋಚಿಸಿದ ಸಾರಾ, ಮುದಿ ತಂದೆಗೆ ಅಪಕೀರ್ತಿ ಬರುವುದೆಂದು ಹಿಂದೆಗೆದು, ಕಿಟಕಿಯ ಬಳಿ ನಿಂತು ದೇವರಿಗೆ ಮೊರೆಯಿಟ್ಟಳು.

ಅಂಥ ಮನೆಗೆ ತೋಬಿಯ ಎಂಬ ತರುಣ ಬಂದು ಹೆಣ್ಣು ಕೇಳಿದನು. ರಗುವೇಲನು ಏನನ್ನೂ ಮುಚ್ಚಿಡಲಿಲ್ಲ. ಏಳು ಸಾವುಗಳನ್ನೂ ತಿಳಿಸಿದನು. ತೋಬಿಯನು ಹಿಂಜರಿಯಲಿಲ್ಲ. ಆಗ ತಂದೆ ಮಗಳ ಕೈ ಹಿಡಿದು ಅವನಿಗೆ ಒಪ್ಪಿಸಿ ಹರಸಿದನು. ಹೆಂಡತಿಯಿಂದ ಸುರುಳಿ ತರಿಸಿ ಮದುವೆಯ ಕರಾರು ಬರೆದನು. ಆಮೇಲೆ ಎಲ್ಲರೂ ಊಟಕ್ಕೆ ಕುಳಿತರು. ಮದುವೆ ಅಷ್ಟೇ! ತಾಯಿ ಎದ್ನಾ ಕೋಣೆ ಅಣಿಗೊಳಿಸುತ್ತಾ ಅತ್ತಳು, ಕಣ್ಣೊರೆಸಿಕೊಂಡು ಮಗಳಿಗೆ ಧೈರ್ಯ ಹೇಳಿದಳು.

ರಾತ್ರಿ ಹೊಸ ದಂಪತಿಗಳು ಎದ್ದುನಿಂತು ಪ್ರಾರ್ಥಿಸಿದರು. ಆ ಹೊತ್ತಿಗೆ ರಗುವೇಲನು ಆಳುಗಳೊಡನೆ ಮನೆಯ ಹೊರಗೆ ಒಂದು ಸಮಾಧಿ ತೋಡುತ್ತಿದ್ದನು. ಈ ಅಳಿಯನೂ ಸತ್ತರೆ ಯಾರಿಗೂ ತಿಳಿಯದಂತೆ ಹೂಳಬೇಕು, ಊರವರ ನಗೆಗೀಡಾಗಬಾರದು ಎಂಬುದು ಅವನ ಚಿಂತೆ. ಬಳಿಕ ದಾಸಿ ದೀಪ ಹಿಡಿದು ನೋಡಿದಾಗ ಇಬ್ಬರೂ ಸುಖವಾಗಿ ಮಲಗಿದ್ದರು. ಬೆಳಗಾಗುವ ಮುಂಚೆಯೇ ಗುಂಡಿ ಮುಚ್ಚಲು ಆತ ಅಪ್ಪಣೆ ಕೊಟ್ಟನು. ಆಮೇಲೆ 14 ದಿನ ಔತಣ ನಡೆಯಿತು.

ಓದುಗರೇ, ಮದುವೆಯ ಹಿಂದಿನ ರಾತ್ರಿ ಹಿತ್ತಲಲ್ಲಿ ಕುಳಿತ ನಮ್ಮ ಅಜ್ಜಿಯ ತಂದೆಗೂ ರಗುವೇಲನಿಗೂ ಎಷ್ಟು ದೂರ? ಇಬ್ಬರಿಗೂ ಮಗಳ ಮೇಲೆ ಪ್ರೀತಿ, ಇಬ್ಬರಿಗೂ ಊರವರ ಮಾತಿನ ಭಯ. ಇಂದೂ ಎಷ್ಟೋ ತಂದೆಯರು ಮಗಳ ಮದುವೆಗೆಂದು ಸಾಲದ ಗುಂಡಿ ತೋಡುತ್ತಾರೆ. ರಗುವೇಲನ ಗುಂಡಿ ಬೆಳಗಾಗುವಷ್ಟರಲ್ಲಿ ಮುಚ್ಚಿತು. ಸಾಲದ ಗುಂಡಿ ಅಷ್ಟು ಬೇಗ ಮುಚ್ಚುವುದಿಲ್ಲ.

ಹೆಸರಿಲ್ಲದ ವಧು

ಎರಡನೆಯದು ಸಂತ ಯೊವಾನ್ನರು ಬರೆದ ಕಾನಾ ಊರಿನ ಮದುವೆ. ಆ ಕಾಲದಲ್ಲಿ ಮದುವೆಯ ಔತಣ ಸಾಮಾನ್ಯವಾಗಿ ಏಳು ದಿನ ನಡೆಯುತ್ತಿತ್ತು. ಬಂದವರನ್ನು ಉಪಚರಿಸುವುದು ಮನೆತನದ ಮಾನದ ಪ್ರಶ್ನೆ. ಅಂಥಲ್ಲಿ ದ್ರಾಕ್ಷಾರಸ ಮುಗಿಯಿತು. ಮೊದಲು ಅದನ್ನು ಯೇಸುಸ್ವಾಮಿಗೆ ತಿಳಿಸಿದವರು ಮಾತೆ ಮರಿಯಮ್ಮನವರು. ಅವರು ಹಂದರದಲ್ಲಿ ನಿಂತು ಎಲ್ಲರೆದುರು ಸಾರಲಿಲ್ಲ. ಮಗನಿಗೆ ಮಾತ್ರ ಹೇಳಿದರು.

ಅಲ್ಲಿ ಶುದ್ಧಾಚಾರದ ನೀರಿಗಾಗಿ ಆರು ಕಲ್ಲಿನ ಬಾನಿಗಳಿದ್ದವು. ಮಣ್ಣಿನ ಪಾತ್ರೆಗೆ ಮೈಲಿಗೆ ತಗಲುತ್ತದೆ, ಕಲ್ಲಿಗೆ ತಗಲದು ಎಂಬುದು ಯೆಹೂದ್ಯರ ನಿಯಮ. ನಮ್ಮ ಲೆಕ್ಕದಲ್ಲಿ ಒಂದೊಂದು ಬಾನಿಗೂ ಸುಮಾರು 80ರಿಂದ 120 ಲೀಟರ್ ನೀರು ಹಿಡಿಯುತ್ತಿತ್ತು. ಅಷ್ಟೂ ಒಳ್ಳೆಯ ದ್ರಾಕ್ಷಾರಸವಾಯಿತು. ಆದರೆ ಅದು ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೂ ಗೊತ್ತಾಗಲಿಲ್ಲ. ನೀರು ತೋಡಿದ ಸೇವಕರಿಗೆ ಗೊತ್ತಿತ್ತು. ಆ ಮದುವೆಯ ವಧುವಿನ ಹೆಸರನ್ನು ಶುಭಸಂದೇಶ ಹೇಳುವುದಿಲ್ಲ. ತನ್ನ ಮನೆಯ ಮಾನವನ್ನು ಯಾರು ಉಳಿಸಿದರೆಂದು ಅವಳಿಗೆ ಅಂದು ತಿಳಿದಿತ್ತೋ ಇಲ್ಲವೋ. ಹಿತ್ತಲ ಬಾಗಿಲಿನಿಂದ ಹುಗ್ಗಿಯ ಕೊಪ್ಪರಿಗೆ ಬಂದದ್ದು ನಮ್ಮ ಅಜ್ಜಿಗೂ ಅಂದು ತಿಳಿಯಲಿಲ್ಲ.

ನಮಗೆ ಪಾಠ

ನಮ್ಮ ವಿವಾಹ ಒಂದು ಸಂಸ್ಕಾರ. ಕಥೋಲಿಕರಿಬ್ಬರ ಮದುವೆ ಧರ್ಮಕೇಂದ್ರದ ದೇವಾಲಯದಲ್ಲಿ ನಡೆಯಬೇಕು. ಬೇರೆ ಯೋಗ್ಯ ಸ್ಥಳಕ್ಕೆ ಮೇಲಿನವರ ಅನುಮತಿ ಬೇಕು ಎಂದು 1983ರ ಶ್ರೀಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಆದ್ದರಿಂದ ಯೆಹೂದ್ಯರಂತೆ ಅಂಗಳದಲ್ಲಿಯೇ ಮದುವೆ ಮಾಡೋಣ ಎಂದು ನಾವು ಹೇಳುತ್ತಿಲ್ಲ. ಆದರೆ ಆ ಸಂಸ್ಕಾರಕ್ಕೆ ಬೇಕಾದದ್ದೂ ಸ್ವಲ್ಪವೇ: ವಧೂವರರ ಮನಃಪೂರ್ವಕ ಸಮ್ಮತಿ, ಗುರುಗಳು, ಇಬ್ಬರು ಸಾಕ್ಷಿಗಳು. ಉಳಿದದ್ದೆಲ್ಲ ನಾವು ಸೇರಿಸಿದ್ದು. ಔತಣವನ್ನು ಅಂಗಳದಲ್ಲಿ ಮಾಡಬಾರದೆಂದು ಯಾವ ಕಾನೂನೂ ಹೇಳಿಲ್ಲ.

“ಈಗ ಅಂಗಳವೇ ಎಲ್ಲಿದೆ?” ಎಂದು ನೀವು ಕೇಳಬಹುದು. ಮಾತು ನಿಜ. ಬೈರಿದೇವರಕೊಪ್ಪದ ಹೆದ್ದಾರಿ ಅಗಲವಾಗಿ, 2018ರಿಂದ ಚಿಗರಿ ಬಸ್ಸುಗಳು ಓಡುತ್ತಿವೆ. ಅಂಗಳಗಳು ಕಿರಿದಾಗಿವೆ, ನೆಂಟರಿಷ್ಟರು ಹೆಚ್ಚಿದ್ದಾರೆ. ಮಂಟಪ ಹಿಡಿಯುವುದು ತಪ್ಪಲ್ಲ. ಆದರೆ ಊರವರ ಮಾತಿಗೆ ಹೆದರಿ ಹೊಲ ಮಾರಿ ಹಿಡಿಯುವ ಮಂಟಪ ಯಾರ ಸಂತೋಷಕ್ಕಾಗಿ? ಎಷ್ಟೋ ವರ್ಷಗಳ ಮೇಲೆ ಅಜ್ಜಿಗೆ ನೆನಪಿರುವುದು ಹಿತ್ತಲಲ್ಲಿ ಕುಳಿತ ತಂದೆ ಮತ್ತು ಹಿಂಬಾಗಿಲಿನಿಂದ ಬಂದ ನೆರೆಮನೆಯ ಅಕ್ಕ. ಮದುಮಗಳ ಮನಸ್ಸಿನಲ್ಲಿ ಕೊನೆಗೆ ಉಳಿಯುವವರು ತನ್ನ ಭಾರ ಹೊತ್ತವರು.

ಅಂದು ಸಂಜೆ ಅಜ್ಜಿಯ ಮಾತು ಕೇಳಿದ ಮೊಮ್ಮಗಳು ತಂದೆಯ ಪಕ್ಕದಲ್ಲಿ ಕುಳಿತು, ಆ ಪಟ್ಟಿಯನ್ನು ತನ್ನ ಕೈಗೆ ತೆಗೆದುಕೊಂಡಳು. “ಅಪ್ಪಾ, ಯಾವುದು ಬ್ಯಾಡ ಅಂತ ನಾನ ಹೇಳತೀನಿ” ಎಂದಳು. ಹೊಲದ ಮಾತು ಸದ್ಯಕ್ಕೆ ನಿಂತಿದೆ.

ಮನೆಯವರೆಲ್ಲ ಕುಳಿತು ಮಾತನಾಡಲು

1. ನಮ್ಮ ಮನೆಯ ಹಿರಿಯರ ಮದುವೆ ಎಲ್ಲಿ ನಡೆಯಿತು? ಅಂದು ಯಾರು ಯಾರು ಕೈಜೋಡಿಸಿದರು? ಅವರ ಬಾಯಿಂದಲೇ ಕೇಳಿ.

2. ಮದುವೆಯ ಖರ್ಚಿನ ಪಟ್ಟಿಯಲ್ಲಿ ಯಾವುದು ಪ್ರೀತಿಯಿಂದ ಬಂದದ್ದು, ಯಾವುದು ಊರವರ ಭಯದಿಂದ ಬಂದದ್ದು?

3. ನಮ್ಮ ಓಣಿಯಲ್ಲಿ ಮದುವೆಯ ಮನೆಯೊಂದಕ್ಕೆ ಏನು ಕಡಿಮೆಯಾಗಿದೆ? ಯಾರಿಗೂ ತಿಳಿಯದಂತೆ ಅದನ್ನು ತುಂಬಿಕೊಡಲು ನಮ್ಮಿಂದ ಆದೀತೇ?

ಮುಂದಿನ ಸಲ ಮದುವೆಯ ಕರೆಯೋಲೆ ನಿಮ್ಮ ಕೈಗೆ ಬಂದಾಗ ಸಾರಳ ತಂದೆಯನ್ನೂ ಕಾನಾ ಊರಿನ ತಾಯಿಯನ್ನೂ ಒಮ್ಮೆ ನೆನೆಯಿರಿ. ಉಡುಗೊರೆ ಕೊಳ್ಳುವ ಮೊದಲು ಆ ಮನೆಯ ಹಿತ್ತಲ ಬಾಗಿಲಿಗೆ ಹೋಗಿ, “ಏನರೆ ಬೇಕಾಗೇತೇನು?” ಎಂದು ಕೇಳಿ ಬನ್ನಿ.