ಹೊಳೆ ಬರುವ ಮುನ್ನ: ಏಳನೇ ತರಗತಿಗೆ ಒಂದು ಸಮನ್ವಯ ಪಾಠ

ವಿಷಯ: ಗಣಿತ ಮತ್ತು ಸಮಾಜ ವಿಜ್ಞಾನ
ಅವಧಿ: 40 ನಿಮಿಷಗಳ 2 ತರಗತಿಗಳು
ಸ್ಥಳ: ರಾಮದುರ್ಗ ತಾಲ್ಲೂಕಿನ ನದಿ ದಂಡೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ
ಉದ್ದೇಶ: ಪ್ರವಾಹಕ್ಕೆ ಮುನ್ನ ಕುಟುಂಬಕ್ಕೆ ಬೇಕಾದ ಸಾಮಗ್ರಿಯನ್ನು ವಿದ್ಯಾರ್ಥಿಗಳು ಲೆಕ್ಕಹಾಕಿ ಪಟ್ಟಿ ಮಾಡುವರು.

ಪೀಠಿಕೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದುದನ್ನು ಮನೆಯ ಹಿರಿಯರಿಂದ ಕೇಳಿ ಬರಲು ಹಿಂದಿನ ದಿನವೇ ಹೇಳಿದ್ದೆ. ಒಬ್ಬ ಹುಡುಗ ಎದ್ದು, "ನಮ್ಮೂರಾಗ ಮಳಿ ಜೋರ ಇಲ್ಲಂದ್ರೂ ಹೊಳಿ ಯಾಕ ಬರ್ತದ್ರೀ ಸರ್?" ಎಂದು ಕೇಳಿದ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಬೇಕಿರಲಿಲ್ಲ. ನಕಾಶೆಯಲ್ಲಿ ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದ ಕೂಡಲಸಂಗಮದವರೆಗೆ ನದಿಯನ್ನು ಬೆರಳಿನಿಂದ ಗುರುತಿಸಿಸಿದೆ. ಮಳೆ ಘಟ್ಟದಲ್ಲಿ ಬೀಳುತ್ತದೆ. ಆ ನೀರು ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಜಲಾಶಯದಲ್ಲಿ ನಿಲ್ಲುತ್ತದೆ. ಜಲಾಶಯ ತುಂಬಿ ಒಳಹರಿವು ಹೆಚ್ಚಿದರೆ ಗೇಟು ತೆರೆಯಲೇಬೇಕು. ಆದ್ದರಿಂದ ನಮಗೆ ಮುನ್ಸೂಚನೆ ಎಂದರೆ ಮೋಡವಲ್ಲ, ಡಂಗುರ ಮತ್ತು ಧ್ವನಿವರ್ಧಕ ಎಂದು ಮಕ್ಕಳೇ ತೀರ್ಮಾನಿಸಿದರು.

ಚಟುವಟಿಕೆ 1: ನೀರಿನ ಲೆಕ್ಕ

ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದಿಟ್ಟುಕೊಂಡೆವು. 5 ಜನರ ಮನೆಗೆ 3 ದಿನಕ್ಕೆ 4 × 5 × 3 = 60 ಲೀಟರ್. ಶಾಲೆಯ ಕೊಡವನ್ನು ಲೀಟರ್ ಅಳತೆಯಿಂದ ತುಂಬಿ ನೋಡಿದರು. 12 ಲೀಟರ್ ಹಿಡಿಯಿತು. ಅಂದರೆ 5 ಕೊಡ. "ಇದನ್ನು ಹೊತ್ತುಕೊಂಡು ಹೋಗಬಹುದೇ?" ಎಂದು ಕೇಳಿದೆ. 1 ಲೀಟರ್ ನೀರಿನ ತೂಕ 1 ಕಿಲೊ ಎಂಬುದು ಗೊತ್ತಿದ್ದವರು, "ಅರವತ್ತ ಕಿಲೊ ಯಾರ ಹೊರ್ತಾರ್ರೀ!" ಎಂದು ನಕ್ಕರು. ಹೀಗೆ ಪಟ್ಟಿ ಎರಡಾಯಿತು: ಮನೆಯಲ್ಲಿ ಎತ್ತರದಲ್ಲಿ ಇಡುವುದು, ಕೈಯಲ್ಲಿ ಒಯ್ಯುವುದು. ಒಯ್ಯುವ ಚೀಲಕ್ಕೆ ತಲೆಗೊಂದು ನೀರಿನ ಬಾಟಲಿ ಮತ್ತು ಕ್ಲೋರಿನ್ ಗುಳಿಗೆ ಸೇರಿದವು.

ಚಟುವಟಿಕೆ 2: ಚೀಲ ಕಟ್ಟುವುದು

ಗುಂಪುಗಳು ಒಲೆ ಇಲ್ಲದೆ ತಿನ್ನಬಹುದಾದುದನ್ನು ಹುಡುಕಿದವು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಪುಟಾಣಿ, ಬೆಲ್ಲ. ಆಮೇಲೆ ಟಾರ್ಚ್, ಕಡ್ಡಿಪೆಟ್ಟಿಗೆ, ಹೊದಿಕೆ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹೊಲದ ಉತಾರ ಇವೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ. ಒಬ್ಬ ಹುಡುಗಿ "ಆಯಿ ಬಿಪಿ ಗುಳಿಗಿ" ಎಂದು ಸೇರಿಸಿದಳು. ದಿನಕ್ಕೆ ಎಷ್ಟು, ವಾರಕ್ಕೆ ಎಷ್ಟು ಎಂದು ಲೆಕ್ಕಮಾಡಿದೆವು. ಭೇದಿಗೆ 1 ಲೀಟರ್ ಶುದ್ಧ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಅಳತೆಯನ್ನು ಟೀ ಚಮಚದಿಂದ ಮಾಡಿ ತೋರಿಸಿದೆ.

ಆಗ ಹಿಂದಿನ ಸಾಲಿನಿಂದ ಬಂತು: "ಎಮ್ಮಿ ಬಿಟ್ಟು ನಮ್ಮಜ್ಜ ಬರಂಗಿಲ್ರೀ ಸರ್." ತರಗತಿ ಸುಮ್ಮನಾಯಿತು. ಹಲವು ಮನೆಗಳಲ್ಲಿ ಹೊರಡುವುದು ತಡವಾಗುವುದು ಇಲ್ಲಿಯೇ. ಈ ಮಾತನ್ನು ಬದಿಗಿಡದೆ ಕರಿಹಲಗೆಯ ಮೇಲೆ ಬರೆದು, "ಎಮ್ಮೆಗೂ ಪಟ್ಟಿ ಮಾಡೋಣ" ಎಂದೆ. ದಿನಕ್ಕೆ ಎಷ್ಟು ಸೂಡು ಕಣಿಕಿ, ಎತ್ತರದ ಜಾಗ ಯಾವುದು, ಹಗ್ಗ ಬಿಚ್ಚುವವರು ಯಾರು? ದನಗಳನ್ನು ಮೊದಲ ಎಚ್ಚರಿಕೆಗೇ ಸಾಗಿಸಿದರೆ ಅಜ್ಜನೂ ಬರುತ್ತಾನೆ ಎಂಬ ಉತ್ತರ ಆ ಹುಡುಗನದೇ.

ಮೌಲ್ಯಮಾಪನ

ಪ್ರತಿ ವಿದ್ಯಾರ್ಥಿ ತನ್ನ ಮನೆಯ ಪಟ್ಟಿ ಬರೆದು ಹಿರಿಯರಿಗೆ ಓದಿ ಹೇಳಬೇಕು. ವಸ್ತುಗಳ ಸಂಖ್ಯೆಗೆ ಅಂಕ ಕೊಡಲಿಲ್ಲ. ಮೂರನ್ನು ನೋಡಿದೆ: ಪ್ರಮಾಣ ಜನರಿಗೂ ದಿನಗಳಿಗೂ ಹೊಂದುತ್ತದೆಯೇ? ಚೀಲ ಹೊರುವಂತಿದೆಯೇ? ಮನೆಯ ಅಶಕ್ತರ ಅಗತ್ಯ ಸೇರಿದೆಯೇ? 112 ಮತ್ತು ಜಿಲ್ಲಾ ತುರ್ತು ಸಂಖ್ಯೆ 1077 ಪಟ್ಟಿಯ ತಲೆಯಲ್ಲಿರಬೇಕು.

ಸಹಪ್ರಶಿಕ್ಷಣಾರ್ಥಿಗಳಿಗೆ

ಕಿತ್ತೂರು, ಬೈಲಹೊಂಗಲ ಭಾಗದ ನದಿ ದಂಡೆಯ ಶಾಲೆಗಳು ಜಲಾಶಯಕ್ಕಿಂತ ಮೇಲಿವೆ. ಅಲ್ಲಿ ಘಟ್ಟದ ಮಳೆಯ ಸುದ್ದಿಯೇ ಮುನ್ಸೂಚನೆ. ಸವದತ್ತಿಯಲ್ಲಿ ಜಲಾಶಯದ ಮಟ್ಟವನ್ನು ಪತ್ರಿಕೆಯಿಂದ ದಿನವೂ ಬರೆಸಿ ರೇಖಾನಕ್ಷೆ ಮಾಡಿಸಬಹುದು. ಪಾಠವನ್ನು ಜೂನ್‌ನಲ್ಲೇ ಮುಗಿಸಿರಿ. ಆಗಸ್ಟ್‌ನಲ್ಲಿ ಕಲಿಸಿದರೆ ಅಂಕಕ್ಕೆ ಸರಿಹೋದೀತು, ಮನೆಗೆ ತಡವಾದೀತು.