ಹಳೆ ಪೀಠೋಪಕರಣಕ್ಕೆ ಹೊಸ ಬಣ್ಣ: ಲೆಕ್ಕ ಮತ್ತು ಕ್ರಮ

ಸೆಕೆಂಡ್‌ಹ್ಯಾಂಡ್ ಪೀಠೋಪಕರಣದ ಬೆಲೆ ಇಳಿಯುವುದು ಬಹುಮಟ್ಟಿಗೆ ಅದರ ಮೇಲ್ಮೈ ಕೆಟ್ಟಿರುವುದರಿಂದ. ಪಾಲಿಶ್ ಎದ್ದಿರುತ್ತದೆ, ಬಿಸಿ ಲೋಟದ ಬಿಳಿ ಕಲೆ ಕೂತಿರುತ್ತದೆ, ಅಂಚು ಸವೆದಿರುತ್ತದೆ. ಇವೆಲ್ಲ ಬಣ್ಣದಿಂದ ಸರಿಹೋಗುವ ದೋಷಗಳು. ಮರ ಅಥವಾ ಕೀಲೇ ಕೆಟ್ಟಿದ್ದರೆ ಬಣ್ಣ ಅದನ್ನು ಮುಚ್ಚೀತೇ ಹೊರತು ಸರಿಪಡಿಸದು. ಆದ್ದರಿಂದ ಉಳಿತಾಯದ ಪ್ರಶ್ನೆ ಬಣ್ಣದ ಅಂಗಡಿಯಲ್ಲಲ್ಲ, ಖರೀದಿಯ ಹೊತ್ತಿಗೇ ತೀರ್ಮಾನವಾಗುತ್ತದೆ.

ಕೊಳ್ಳುವ ಮೊದಲು ವಸ್ತುವನ್ನು ಅಲುಗಾಡಿಸಿ, ಬೋರಲು ಹಾಕಿ, ಡ್ರಾಯರ್ ಹೊರತೆಗೆದು ನೋಡಬೇಕು. ಮರದಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದು, ಅವುಗಳ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಉದುರಿದ್ದರೆ ಕುಟ್ಟೆ ಹುಳು ಒಳಗೆ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ಮಂಚದ ಸಂದುಗಳಲ್ಲಿ ಕಪ್ಪು ಚುಕ್ಕೆಗಳು ತಿಗಣೆಯ ಗುರುತು. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮತ್ತೆ ಮೊದಲಿನಂತಾಗುವುದಿಲ್ಲ. ಇಂಥವನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಡುವುದೇ ಲೇಸು. ಸಾಗುವಾನಿ, ಬೀಟೆ ಮರದ ವಸ್ತುಗಳ ಮಾತು ಬೇರೆ. ಅವುಗಳ ಬೆಲೆಯೆಲ್ಲ ಮರದ ಎಳೆಯಲ್ಲಿದೆ. ಅವಕ್ಕೆ ಬಣ್ಣವಲ್ಲ, ಪಾಲಿಶ್ ಸಲ್ಲುತ್ತದೆ.

ಮೊದಲೇ ಬಣ್ಣ ಬಳಿದಿರುವ ಹಳೆಯ ವಸ್ತುವಿನಲ್ಲಿ ಸೀಸದ ಅಪಾಯವಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸುವ ಕೇಂದ್ರದ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಗೊಂಡಿತು. ಅದಕ್ಕಿಂತ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬಾರದು. ವಾಟರ್‌ಪ್ರೂಫ್ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ, ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ದೂರವಿಟ್ಟು ಉಜ್ಜಬೇಕು. ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಕೆಲಸದ ಕ್ರಮ ಸರಳವಾದದ್ದು; ಆದರೆ ಯಾವ ಹಂತವನ್ನೂ ಬಿಡುವಂತಿಲ್ಲ. ಮೊದಲು ಸೋಪು ನೀರಿನಿಂದ ಜಿಡ್ಡು ತೆಗೆದು ಚೆನ್ನಾಗಿ ಒಣಗಿಸುವುದು. ಸಡಿಲವಾದ ಕೀಲಿಗೆ ಅಂಟು ಹಾಕಿ ಬಿಗಿಯುವುದು. ಬಳಿಕ 120 ನಂಬರಿನ, ಆಮೇಲೆ 180ರ ಉಪ್ಪುಕಾಗದದಿಂದ ಮರದ ಎಳೆಯ ಉದ್ದಕ್ಕೆ ಉಜ್ಜುವುದು. ವುಡ್ ಪ್ರೈಮರ್ ಒಂದು ಕೋಟ್ ಆದ ಮೇಲೆ ತೂತು, ಬಿರುಕುಗಳಿಗೆ ಪುಟ್ಟಿ ತುಂಬಿ, 220ರ ಕಾಗದದಿಂದ ನಯಗೊಳಿಸಿ, ಪುಟ್ಟಿಯ ಜಾಗಕ್ಕೆ ಮತ್ತೆ ಪ್ರೈಮರ್ ಮುಟ್ಟಿಸುವುದು. ಕೊನೆಗೆ ಎನಾಮಲ್ ಎರಡು ತೆಳು ಕೋಟ್. ಒಂದೇ ದಪ್ಪ ಕೋಟ್ ಹಾಕಿದರೆ ಬಣ್ಣ ಇಳಿದು ಗೆರೆ ಮೂಡುತ್ತದೆ. ಸನ್‌ಮೈಕಾದ ಹೊಳಪನ್ನು ಮೊದಲು ಉಜ್ಜಿ ಕಳೆದು, ನಯವಾದ ಮೇಲ್ಮೈಗೆ ಹಿಡಿಯುವ ಪ್ರೈಮರನ್ನೇ ಬಳಸಬೇಕು. ಇಲ್ಲದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಎನಾಮಲ್ ಮುಟ್ಟಲು ಒಂದೇ ದಿನದಲ್ಲಿ ಒಣಗಿದರೂ ಪೂರ್ತಿ ಗಟ್ಟಿಯಾಗಲು ವಾರ ಬೇಕು. ಅಲ್ಲಿಯವರೆಗೆ ಭಾರ ಇಡಬಾರದು. ಮಳೆಗಾಲದ ತೇವದಲ್ಲಿ ಇದು ಇನ್ನೂ ತಡವಾಗುವುದರಿಂದ ಫೆಬ್ರುವರಿಯಿಂದ ಮೇವರೆಗಿನ ಒಣ ದಿನಗಳೇ ಈ ಕೆಲಸಕ್ಕೆ ಅನುಕೂಲ.

ಲೆಕ್ಕ ಹಾಕುವಾಗ ವಸ್ತುವಿನ ಬೆಲೆಯೊಂದನ್ನೇ ನೋಡಿದರೆ ಸಾಲದು. ಈ ಅಂಕಣದ ಲೇಖಕರ ಮನೆಯಲ್ಲಿರುವ ಹಲಸಿನ ಮರದ ಓದುವ ಮೇಜನ್ನೇ ತೆಗೆದುಕೊಳ್ಳಬಹುದು. ಮೇಜಿಗೆ 1,500 ರೂಪಾಯಿ, ಟೆಂಪೊಗೆ 400, ಪ್ರೈಮರ್, ಪುಟ್ಟಿ, ಎನಾಮಲ್, ಟರ್ಪೆಂಟೈನ್, ಉಪ್ಪುಕಾಗದ, ಬ್ರಷ್ ಸೇರಿ 900, ಡ್ರಾಯರಿನ ಹೊಸ ಹಿಡಿಗಳಿಗೆ 200: ಒಟ್ಟು 3,000. ಅಂದರೆ ಮೇಜಿನ ಬೆಲೆಯಷ್ಟೇ ಹಣ ಮೇಲುಖರ್ಚಿಗೂ ಹೋಯಿತು. ದುಡಿಮೆ ಮನೆಯವರದೇ ಆದ್ದರಿಂದ ಲೆಕ್ಕ ಇಷ್ಟಕ್ಕೆ ನಿಂತಿತು. ಪೇಂಟರ್ ಕರೆಸಿದ್ದರೆ ಕೂಲಿಯೂ ಸೇರುತ್ತಿತ್ತು. ಬ್ರಷ್ ಮತ್ತು ಉಳಿದ ಬಣ್ಣ ಮುಂದಿನ ಕುರ್ಚಿಗೂ ಬರುವುದರಿಂದ, ಎರಡು ಮೂರು ವಸ್ತುಗಳನ್ನು ಒಟ್ಟಿಗೆ ಬಳಿದರೆ ತಲಾ ಖರ್ಚು ಇಳಿಯುತ್ತದೆ.

ಬೆಲೆ, ಸಾಗಾಟ, ಸಾಮಗ್ರಿ, ಕೂಲಿ ನಾಲ್ಕನ್ನೂ ಕೂಡಿದ ಮೊತ್ತ ಅಷ್ಟೇ ಗಟ್ಟಿಯಾದ ಹೊಸ ವಸ್ತುವಿನ ಬೆಲೆಯ ಅರ್ಧವನ್ನು ದಾಟದಿದ್ದರೆ ಕೊಳ್ಳಬಹುದು. ದಾಟುವಂತಿದ್ದರೆ ಚೌಕಾಸಿ ಮಾಡಬೇಕು, ಇಲ್ಲವೇ ಬೇರೆ ವಸ್ತು ಹುಡುಕಬೇಕು.